ಇಳಿಜಾರಿನಲ್ಲಿ ಮಂಡಿ ಮುಂದಕ್ಕೆ ದಬ್ಬುತ್ತದೆ, ಕಾರ್ಬನ್ ಪಾದ ತಗೊಳ್ಳಬೇಕಾ?

ಕಾರಟಗಿ_ಹುಡುಗ
ಎಲ್ಲರಿಗೂ ನಮಸ್ಕಾರ. ನಮ್ಮ ಕಾಕಾನ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದಿದ್ದಾರೆ. ಟ್ರ್ಯಾಕ್ಟರ್ ಅಪಘಾತ. ಆಮೇಲೆ ಒಂದು ಉಚಿತ ಶಿಬಿರದಲ್ಲಿ ಜೈಪುರ ಕಾಲು ಹಾಕಿಸಿದೆವು. ಮನೆಯಲ್ಲಿ, ಅಂಗಳದಲ್ಲಿ ಚೆನ್ನಾಗಿಯೇ ಓಡಾಡುತ್ತಾರೆ. ಆದರೆ ಕಾಲುವೆ ಏರಿಯಿಂದ ಗದ್ದೆಗೆ ಇಳಿಯುವಾಗ, ಹಿಮ್ಮಡಿ ಊರಿದ ಕೂಡಲೇ ಯಾರೋ ಹಿಂದಿನಿಂದ ಮಂಡಿ ದಬ್ಬಿದ ಹಾಗಾಗುತ್ತದೆ ಅನ್ನುತ್ತಾರೆ. ಬಿದ್ದೂ ಇದ್ದಾರೆ. ಈಚೆಗೆ ಪೇಟೆಗೆ ಹೋದಾಗ ಸಪಾಟು ರಸ್ತೆಯಲ್ಲೂ ಹಾಗೇ ಆಗುತ್ತಿದೆಯಂತೆ.

ಒಂದು ಅಂಗಡಿಯಲ್ಲಿ ಕೇಳಿದೆವು. ಕಾರ್ಬನ್ ಫೈಬರ್ ಪಾದ ಹಾಕಿಸಿ, ಒಂದೂವರೆ ಲಕ್ಷದ ಮೇಲಾಗುತ್ತದೆ, ಅದು ತಾನೇ ಮುಂದಕ್ಕೆ ತಳ್ಳುತ್ತದೆ ಅಂದರು. ನಮ್ಮ ಸೋದರಮಾವ ವೆಲ್ಡಿಂಗ್ ಕೆಲಸದವರು. ಅವರು "ಅಷ್ಟು ದುಡ್ಡು ಯಾಕೆ, ಪಾದದ ಹತ್ತಿರ ಒಂದು ಬಿಜಾಗರಿ ಹಾಕಿದರೆ ಮುಗೀತು, ನಾನೇ ಮಾಡಿಕೊಡ್ತೀನಿ" ಅಂತ ಕೂತಿದ್ದಾರೆ. ಎರಡರಲ್ಲಿ ಯಾವುದು ಸರಿ? ಅಥವಾ ಎರಡೂ ಅಲ್ವಾ?

ರಾಯಚೂರು_ಬಿಸಿಲು
ಮಾವನಿಗೆ ಮೊದಲು ಅವರ ಕಾಲಿಗೇ ಒಂದು ಬಿಜಾಗರಿ ಹಾಕಿಕೊಂಡು ನೋಡೋಕೆ ಹೇಳಿ 😄

ಕುಷ್ಟಗಿ_ಕಲ್ಲು
ಕಾರ್ಬನ್ ತಗೊಳ್ಳಿ, ಯೋಚನೆ ಮಾಡಬೇಡಿ. ನಮ್ಮ ಕ್ವಾರಿಯಲ್ಲಿ ಸೂಪರ್‌ವೈಸರ್ ಒಬ್ಬರು ಹಾಕಿದ್ದಾರೆ. ನಡಿಗೆ ನೋಡಿದರೆ ಕೃತಕ ಕಾಲು ಅಂತ ಗೊತ್ತೇ ಆಗಲ್ಲ. ಜೈಪುರ ಕಾಲು ಹಳೇ ಕಾಲದ್ದು, ಭಾರ ಬೇರೆ. ಪುಕ್ಕಟೆ ಸಿಗುತ್ತದೆ ಅಂತ ಹಾಕುತ್ತಾರೆ ಅಷ್ಟೇ.

ಜೀನ್ಸ್_ಟೇಲರ್_ಬಳ್ಳಾರಿ
@ಕುಷ್ಟಗಿ_ಕಲ್ಲು ಸುಮ್ನೆ ಹೇಳಬೇಡಿ ಅಣ್ಣ. ಎಡಗಾಲಿಗೆ ನಾನು ಜೈಪುರ ಪಾದವನ್ನೂ ಹಾಕಿದ್ದೀನಿ, ಬೇರೆಯದನ್ನೂ ಹಾಕಿದ್ದೀನಿ. ಹಳೇದು ಅಂತ ಕೆಟ್ಟದ್ದಾಗಲ್ಲ. ಬರಿಗಾಲಲ್ಲಿ ದುರ್ಗಮ್ಮನ ಗುಡಿಗೆ ಹೋಗೋದು, ನೆಲದ ಮೇಲೆ ಊಟಕ್ಕೆ ಕೂರೋದು, ಊರಲ್ಲಿ ಹಳೇ ಸಂಡಾಸಿಗೆ ಕುಕ್ಕರಗಾಲಲ್ಲಿ ಕೂರೋದು, ಇದೆಲ್ಲ ಜೈಪುರ ಪಾದದಲ್ಲಿ ಆಗುತ್ತದೆ. ನಿಮ್ಮ ಸೂಪರ್‌ವೈಸರ್ ಇಡೀ ದಿನ ಶೂ ಹಾಕಿಕೊಂಡು ಸಿಮೆಂಟ್ ನೆಲದ ಮೇಲೆ ನಡೆಯುತ್ತಾರೆ. ಕಾಕಾ ಗದ್ದೆಗೆ ಇಳಿಯುತ್ತಾರೆ.

ಮೆಕ್ಯಾನಿಕಲ್_ಮಂಜ
ಬಿಜಾಗರಿ ವಿಷಯಕ್ಕೆ ಬರುತ್ತೇನೆ, ಪ್ರಶ್ನೆ ತಮಾಷೆ ಅಲ್ಲ. ಆಂಕಲ್ (ಪಾದದ ಗಂಟು) ಅಂದರೆ ಮೇಲೆ ಕೆಳಗೆ ಆಡುವ ಒಂದು ಕೀಲು ಅಂತಲೇ ಎಲ್ಲರೂ ಅಂದುಕೊಳ್ಳುವುದು. ಆಡುವುದೇನೋ ನಿಜ. ಆದರೆ ನಡೆಯುವಾಗ ಅದರ ಮುಖ್ಯ ಕೆಲಸ ಆಡುವುದಲ್ಲ, ತಡೆಯುವುದು ಮತ್ತು ತಳ್ಳುವುದು.

ನಿಧಾನಕ್ಕೆ ಒಂದು ಹೆಜ್ಜೆ ಇಟ್ಟು ನೋಡಿ. ಮೊದಲು ಹಿಮ್ಮಡಿ ನೆಲ ಮುಟ್ಟುತ್ತದೆ. ಆಗ ಪಾದ ಪಟ್ ಅಂತ ಬೀಳಬಾರದು. ಮೊಣಕಾಲ ಕೆಳಗೆ ಮುಂದಿನ ಎಲುಬಿನ ಪಕ್ಕದಲ್ಲಿ ಒಂದು ಸ್ನಾಯು ಇದೆ, ಅದು ಪಾದವನ್ನು ಹಿಡಿದು ಮೆಲ್ಲಗೆ ಇಳಿಸುತ್ತದೆ. ಆಮೇಲೆ ಪಾದ ನೆಲದ ಮೇಲೆ ಕೂತಿರುತ್ತದೆ, ಕಾಲು ಅದರ ಮೇಲೆ ಮುಂದಕ್ಕೆ ವಾಲುತ್ತದೆ. ಇಲ್ಲಿ ಮೀನಖಂಡ ಬ್ರೇಕ್ ಹಿಡಿಯುತ್ತದೆ. ಹಿಡಿಯದಿದ್ದರೆ ಕಾಲು ಮುಂದಕ್ಕೆ ಮಡಚಿಕೊಂಡು ಬೀಳುತ್ತೀರಿ. ಮೂರನೆಯದು, ಹಿಮ್ಮಡಿ ಎದ್ದು ಮುಂಗಾಲ ಮೇಲೆ ಉರುಳುವುದು. ಆಗಲೇ ತಳ್ಳು ಬರುವುದು. ಅಮೆರಿಕದ ಡಾ. ಜಾಕ್ವೆಲಿನ್ ಪೆರ್ರಿ ಇದನ್ನು ಮೂರು 'ರಾಕರ್' ಅಂತ ವಿಂಗಡಿಸಿದರು. ಹಿಮ್ಮಡಿ, ಆಂಕಲ್, ಮುಂಗಾಲು. ಇವತ್ತಿಗೂ ಕೃತಕ ಪಾದ ಮಾಡುವವರು ಈ ಲೆಕ್ಕದಲ್ಲೇ ಮಾತಾಡುತ್ತಾರೆ.

ಈಗ ಅಂಕಿ. ತಳ್ಳುವ ಹೊತ್ತಿಗೆ ಆಂಕಲ್ ಮೇಲೆ ಬೀಳುವ ತಿರುಚು ಬಲ ದೇಹದ ತೂಕದ ಒಂದೊಂದು ಕೆಜಿಗೆ ಸುಮಾರು 1.5 ನ್ಯೂಟನ್ ಮೀಟರ್. ಕಾಕಾ 60 ಕೆಜಿ ಇದ್ದರೆ 90. ಅಂದರೆ ಒಂದು ಮೀಟರ್ ಉದ್ದದ ಸಲಾಕೆಯ ತುದಿಗೆ 9 ಕೆಜಿ ತೂಗಿಬಿಟ್ಟಷ್ಟು. ಪ್ರತಿ ಹೆಜ್ಜೆಗೂ. ಬಿಜಾಗರಿ ಆಡುತ್ತದೆಯೇ ಹೊರತು ಇದರಲ್ಲಿ ಒಂದು ಚೂರನ್ನೂ ತಡೆಯಲ್ಲ. ಅದರ ಮೇಲೆ ನೆಟ್ಟಗೆ ನಿಲ್ಲುವುದೂ ಕಷ್ಟ.

ಹುಲಿಗಿ_ಎಕ್ಸ್‌ಪ್ರೆಸ್
ಮಂಜಣ್ಣ ಕ್ಲಾಸ್ ಶುರು ಮಾಡಿದರು. ಹಾಜರಿ ತಗೊಳ್ಳಿ ಸರ್.

ಫಿಸಿಯೋ_ಅಕ್ಕ_ಸಿಂಧನೂರು
ಮಂಜ ಹೇಳಿದ್ದು ಸರಿ, ಒಂದು ಸೇರಿಸುತ್ತೇನೆ. ತಳ್ಳು ಬರುವುದು ಬರೀ ಸ್ನಾಯುವಿನಿಂದ ಅಲ್ಲ. ಹಿಮ್ಮಡಿಯ ಹಿಂದೆ ದಪ್ಪಗೆ ಕೈಗೆ ಸಿಗುತ್ತದಲ್ಲ, ಅಕಿಲಿಸ್ ಟೆಂಡನ್, ನಮ್ಮ ಕಡೆ ಹಿಮ್ಮಡಿ ನರ ಅಂತಾರೆ. ಕಾಲು ಮುಂದಕ್ಕೆ ವಾಲುವಾಗ ಅದು ಹಕ್ಕಿ ಹೊಡೆಯುವ ರಬ್ಬರ್ ಬಿಲ್ಲಿನ ಹಾಗೆ ಹಿಗ್ಗುತ್ತಾ ಹೋಗುತ್ತದೆ. ಹೆಜ್ಜೆಯ ಕೊನೆಗೆ ಒಮ್ಮೆಲೇ ಬಿಡುತ್ತದೆ. ಜೊತೆಗೆ ಮೀನಖಂಡ ತನ್ನ ಸ್ವಂತ ಶಕ್ತಿಯನ್ನೂ ಹಾಕುತ್ತದೆ. ಈ ಎರಡನೆಯದು ಕಾರ್ಬನ್ ಪಾದದಲ್ಲಿ ಇಲ್ಲ. ಅದು ತೂಕ ಬಿದ್ದಾಗ ಬಾಗಿ, ಆ ಶಕ್ತಿಯಲ್ಲಿ ಒಂದಷ್ಟನ್ನು ವಾಪಸ್ ಕೊಡುತ್ತದೆ. ಕೊಟ್ಟದ್ದಕ್ಕಿಂತ ಜಾಸ್ತಿ ಕೊಡುವುದು ಸಾಧ್ಯವಿಲ್ಲ. "ತಾನೇ ತಳ್ಳುತ್ತದೆ" ಅನ್ನುವುದು ಅಂಗಡಿಯವರ ಮಾತು.

ಇನ್ನು ಇಳಿಜಾರಿನ ವಿಷಯ. ನಮ್ಮ ಪಾದ ಇಳಿಜಾರಿನಲ್ಲಿ ಏನು ಮಾಡುತ್ತದೆ? ಹಿಮ್ಮಡಿ ಮುಟ್ಟಿದ ಕೂಡಲೇ ಬೆರಳುಗಳ ಕಡೆ ಕೆಳಗೆ ಬಾಗಿ ಅಂಗಾಲನ್ನು ನೆಲಕ್ಕೆ ಹಚ್ಚುತ್ತದೆ. ಮೇಲಿನ ಕಾಲು ಹಿಂದೆಯೇ ಉಳಿಯುತ್ತದೆ. ಗಟ್ಟಿ ಪಾದ ಬಾಗಲ್ಲ. ಅಂಗಾಲು ನೆಲಕ್ಕೆ ಹತ್ತಬೇಕಾದರೆ ಪಾದದ ಜೊತೆ ಇಡೀ ಕಾಲೇ ಮುಂದಕ್ಕೆ ತಿರುಗಬೇಕು. ಅದರ ಜೊತೆ ಮಂಡಿಯೂ ಹೋಗುತ್ತದೆ. ಕಾಕಾ ಹೇಳುವ "ಯಾರೋ ದಬ್ಬಿದ ಹಾಗೆ" ಅಂದರೆ ಇದೇ. ಏರು ಹತ್ತುವಾಗ ಉಲ್ಟಾ, ಮಂಡಿ ಹಿಂದಕ್ಕೆ ಒತ್ತುತ್ತದೆ.

ಸದ್ಯಕ್ಕೆ ಏರಿ ಇಳಿಯುವಾಗ ಅಡ್ಡಡ್ಡ ಹೆಜ್ಜೆ ಹಾಕಲಿ. ಕೃತಕ ಕಾಲು ಕೆಳಗಡೆ ಮೊದಲು, ಆಮೇಲೆ ಒಳ್ಳೆ ಕಾಲು. ಕೈಯಲ್ಲಿ ಬಡಿಗೆ ಇರಲಿ.

ರಾಯಚೂರು_ಬಿಸಿಲು
ಅಂಜನಾದ್ರಿ 575 ಮೆಟ್ಟಿಲು ಇಳಿದಾಗ ನನ್ನ ಸ್ವಂತ ಮಂಡಿಯೇ ಯಾರೋ ದಬ್ಬಿದ ಹಾಗಾಗಿತ್ತು ಅಕ್ಕ. ಅದಕ್ಕೇನು ಕಾರಣ?

ಫಿಸಿಯೋ_ಅಕ್ಕ_ಸಿಂಧನೂರು
@ರಾಯಚೂರು_ಬಿಸಿಲು ಹೊಟ್ಟೆ.

ಲಿಂಬ್_ಟೆಕ್_ಬಳ್ಳಾರಿ
ಕೃತಕ ಕಾಲು ಮಾಡುವುದೇ ನನ್ನ ಕೆಲಸ. ಇಷ್ಟು ಹೊತ್ತು ಓದುತ್ತಾ ಇದ್ದೆ. ಎಲ್ಲರೂ ಪಾದದ ಬ್ರ್ಯಾಂಡ್ ಬಗ್ಗೆ ಮಾತಾಡುತ್ತಿದ್ದೀರಿ. ಕೇಳಬೇಕಾದ ಪ್ರಶ್ನೆ ಯಾರೂ ಕೇಳಿಲ್ಲ. @ಕಾರಟಗಿ_ಹುಡುಗ, ಇಳಿಜಾರಿನಲ್ಲಿ ದಬ್ಬುವುದು ಅರ್ಥವಾಗುತ್ತದೆ. ಸಪಾಟು ರಸ್ತೆಯಲ್ಲಿ ಮೊದಲು ಆಗುತ್ತಿರಲಿಲ್ಲ, ಈಗ ಆಗುತ್ತಿದೆ ಅಂದಿರಿ. ಪೇಟೆಗೆ ಹೋಗುವಾಗ ಕಾಲಿಗೆ ಏನು ಹಾಕುತ್ತಾರೆ? ಶಿಬಿರದಲ್ಲಿ ಕಾಲು ಕೂರಿಸಿದಾಗ ಏನು ಹಾಕಿದ್ದರು?

ಕಾರಟಗಿ_ಹುಡುಗ
ಶಿಬಿರದಲ್ಲಿ ಬರಿಗಾಲು ಸರ್. ಮನೆಯಲ್ಲೂ ಬರಿಗಾಲೇ. ಪೇಟೆಗೆ ಈಗ ಸೇಫ್ಟಿ ಶೂ ಹಾಕುತ್ತಾರೆ. ತಮ್ಮ ತೋರಣಗಲ್ಲಿನಲ್ಲಿ ಕಾಂಟ್ರಾಕ್ಟ್ ಕೆಲಸ ಮಾಡುತ್ತಾನೆ, ಅವನ ಹಳೇ ಜೋಡು. ಗಟ್ಟಿ ಇರುತ್ತದೆ, ಪಾದಕ್ಕೆ ಭದ್ರ ಅಂತ ಕಾಕಾನಿಗೆ ಬಹಳ ಇಷ್ಟ.

ಲಿಂಬ್_ಟೆಕ್_ಬಳ್ಳಾರಿ
ಸಿಕ್ಕಿತು ನೋಡಿ. ಆ ಶೂ ತಿರುವಿ ನೋಡಿ. ಹಿಮ್ಮಡಿ ಕಡೆ ಸೋಲ್ ಎಷ್ಟು ದಪ್ಪ, ಮುಂಗಾಲ ಕಡೆ ಎಷ್ಟು ದಪ್ಪ, ಅಳೆಯಿರಿ. ಎರಡರ ವ್ಯತ್ಯಾಸ ಮುಖ್ಯ. ಕಾಲು ಬರಿಗಾಲಿಗೆ ಅಂತ ನೆಟ್ಟಗೆ ಕೂರಿಸಿದ್ದಾರೆ. ಈಗ ಹಿಮ್ಮಡಿ ಕೆಳಗೆ ಎರಡು ಸೆಂಟಿಮೀಟರ್ ಎತ್ತರ ಕೊಟ್ಟರೆ ಪಾದ ಬಾಗಲ್ಲ, ಕಾಲು ಪೂರ್ತಿ ಮುಂದಕ್ಕೆ ವಾಲಿ ನಿಲ್ಲುತ್ತದೆ. ಸಪಾಟು ನೆಲದಲ್ಲೇ ಇಳಿಜಾರು ಮಾಡಿಕೊಂಡ ಹಾಗಾಯ್ತು. ನಮಗೆ ನಿಮಗೆ ಇದು ಗೊತ್ತಾಗಲ್ಲ, ಯಾಕೆಂದರೆ ಶೂ ಬದಲಿಸಿದ ಕೂಡಲೇ ಆಂಕಲ್ ತಾನೇ ಹೊಂದಿಕೊಳ್ಳುತ್ತದೆ. ಕೃತಕ ಪಾದಕ್ಕೆ ಆ ಬುದ್ಧಿ ಇಲ್ಲ. ಶೂ ಹಾಕಿ ಕೂರಿಸಿದ ಕಾಲಿಗೆ ಬರಿಗಾಲಲ್ಲಿ ನಡೆದರೆ ಇದರ ಉಲ್ಟಾ, ಗುಡ್ಡ ಹತ್ತಿದ ಹಾಗೆ ಮಂಡಿ ಹಿಂದಕ್ಕೆ ಹೋಗುತ್ತದೆ.

ಇಂಥವರು ತಿಂಗಳಿಗೊಬ್ಬರಾದರೂ ಬರುತ್ತಾರೆ. ಪಾದ ಸರಿ ಇಲ್ಲ ಅಂತ ಜಗಳ. ಚಪ್ಪಲಿ ಬದಲಿಸಿದರೆ ಅರ್ಧ ಜಗಳ ಮುಗಿಯುತ್ತದೆ.

ಜೀನ್ಸ್_ಟೇಲರ್_ಬಳ್ಳಾರಿ
ನೂರಕ್ಕೆ ನೂರು. ನಾನು ಚಪ್ಪಲಿ ಅಂಗಡಿಗೆ ಹೋದರೆ ಬಣ್ಣ ನೋಡಲ್ಲ, ಸೋಲ್ ಪಕ್ಕದಿಂದ ನೋಡುತ್ತೀನಿ. ಅಂಗಡಿಯವ ವಿಚಿತ್ರವಾಗಿ ನೋಡುತ್ತಾನೆ. ಇನ್ನೊಂದು, ಹಿಂದೆ ಪಟ್ಟಿ ಇರೋ ಸ್ಯಾಂಡಲ್ ತಗೊಳ್ಳಿ. ಹವಾಯಿ ಚಪ್ಪಲಿ ಹಿಡಿಯೋಕೆ ಬೆರಳು ಬೇಕು. ಕೃತಕ ಪಾದದಲ್ಲಿ ಅದು ದಾರಿಯಲ್ಲೇ ಉಳಿಯುತ್ತದೆ, ನಮಗೆ ಗೊತ್ತೂ ಆಗಲ್ಲ. ಬೆಂಗಳೂರು ರೋಡ್ ಬಜಾರಲ್ಲಿ ಒಬ್ಬ ಹುಡುಗ ಹಿಂದಿನಿಂದ ಓಡಿಬಂದು "ಅಂಕಲ್ ಚಪ್ಪಲ್" ಅಂತ ಕೊಟ್ಟ.

ಕುಷ್ಟಗಿ_ಕಲ್ಲು
ಎಲ್ಲಾ ಸರಿ. ಆದರೂ ಟೆಕ್ನಾಲಜಿ ಮುಂದೆ ಹೋಗಿದೆ ಅನ್ನೋದನ್ನು ಒಪ್ಪಿಕೊಳ್ಳಿ. ಕಾರ್ಬನ್ ಬ್ಲೇಡ್ ಪಾದ ಹಾಕಿಕೊಂಡು ಒಲಿಂಪಿಕ್ಸ್ ಓಡಿದವರಿದ್ದಾರೆ. ನಾವು ಇನ್ನೂ ರಬ್ಬರ್ ಪಾದ ಹಿಡಿದುಕೊಂಡು ಕೂತಿದ್ದೀವಿ.

ಮೆಕ್ಯಾನಿಕಲ್_ಮಂಜ
ಆಸ್ಕರ್ ಪಿಸ್ಟೋರಿಯಸ್, 2012ರ ಲಂಡನ್, 400 ಮೀಟರ್ ಸೆಮಿಫೈನಲ್ ವರೆಗೆ. ಆ ಬ್ಲೇಡಿಗೆ ಹಿಮ್ಮಡಿಯೇ ಇಲ್ಲ ಗುರುವೇ. ಓಡುವಾಗ ಹಿಮ್ಮಡಿ ಬೇಡ, ನಡೆಯುವಾಗ, ನಿಲ್ಲುವಾಗ ಬೇಕು. ಅದನ್ನು ಹಾಕಿಕೊಂಡು ಕಾಕಾ ಕಿರಾಣಿ ಅಂಗಡಿ ಮುಂದೆ ಸುಮ್ಮನೆ ನಿಲ್ಲುವುದೂ ಕಷ್ಟ.

ಕಾರ್ಬನ್ ಪಾದದ ಕಥೆ ಚೆನ್ನಾಗಿದೆ. ವ್ಯಾನ್ ಫಿಲಿಪ್ಸ್ ಅನ್ನುವ ಅಮೆರಿಕದ ಹುಡುಗ 1976ರಲ್ಲಿ ವಾಟರ್ ಸ್ಕೀ ಅಪಘಾತದಲ್ಲಿ ಕಾಲು ಕಳೆದುಕೊಂಡ. ಆಗ ಸಿಗುತ್ತಿದ್ದ ಪಾದ ಅವನಿಗೆ ಸರಿಹೋಗಲಿಲ್ಲ, ತಾನೇ ಫ್ಲೆಕ್ಸ್ ಫೂಟ್ ಮಾಡಿದ. ಅವನಿಗೆ ಓಡಬೇಕಿತ್ತು.

ನಮ್ಮ ಜೈಪುರ ಕಾಲು ಅದಕ್ಕಿಂತ ಹಿಂದಿನದು, 1968ರ ಸುಮಾರು. ರಾಮಚಂದ್ರ ಶರ್ಮಾ ಅನ್ನುವ ಕುಶಲಕರ್ಮಿ ಮತ್ತು ಡಾ. ಪಿ.ಕೆ. ಸೇಠಿ. ಟೈರ್ ರೀಟ್ರೆಡ್ ಮಾಡುವುದನ್ನು ನೋಡಿ ಶರ್ಮಾ ಅವರಿಗೆ ರಬ್ಬರ್ ಪಾದದ ಯೋಚನೆ ಹೊಳೆಯಿತು ಅಂತ ಹೇಳುತ್ತಾರೆ. ಅವರ ಮುಂದೆ ಇದ್ದವರು ಬರಿಗಾಲಲ್ಲಿ ಹೊಲಕ್ಕೆ ಹೋಗುವ ಜನ, ನೆಲದ ಮೇಲೆ ಕೂರುವ ಜನ. ಅದಕ್ಕೆ ತಕ್ಕ ಪಾದ ಮಾಡಿದರು. ಸೇಠಿ ಅವರಿಗೆ 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಇದು ರಬ್ಬರ್ ಪಾದ ಹಿಡಿದುಕೊಂಡು ಕೂತದ್ದಲ್ಲ.

ಹುಲಿಗಿ_ಎಕ್ಸ್‌ಪ್ರೆಸ್
ಸುಧಾ ಚಂದ್ರನ್ ಜೈಪುರ ಕಾಲಲ್ಲೇ ಭರತನಾಟ್ಯ ಮಾಡಿದರಲ್ಲ. ಮನಸ್ಸಿದ್ದರೆ ಎಲ್ಲಾ ಆಗುತ್ತದೆ.

ಜೀನ್ಸ್_ಟೇಲರ್_ಬಳ್ಳಾರಿ
@ಹುಲಿಗಿ_ಎಕ್ಸ್‌ಪ್ರೆಸ್ ಅವರು ದೊಡ್ಡವರು, ಕೈ ಮುಗಿಯುತ್ತೀನಿ. ಆದರೆ ನಮ್ಮಂಥವರು "ನೋವಾಗುತ್ತೆ" ಅಂದಾಗಲೆಲ್ಲ ಎದುರಿನವರು ಅವರ ಹೆಸರು ಹೇಳುತ್ತಾರೆ. ಮನಸ್ಸಿದ್ದರೆ ಸಾಕೆಟ್, ಅಂದರೆ ಉಳಿದ ಕಾಲು ಕೂರೋ ಬಟ್ಟಲು, ಸಡಿಲ ಆಗಿದ್ದು ಬಿಗಿ ಆಗಲ್ಲ ಅಣ್ಣ.

ನನ್ನ ಕೆಲಸದ್ದೇ ಹೇಳುತ್ತೀನಿ ಕೇಳಿ. ಪವರ್ ಮಷೀನ್ ಪೆಡಲ್ ನೋಡಿದ್ದೀರಾ? ಮುಂಗಾಲಿಂದ ಎಷ್ಟು ಒತ್ತುತ್ತೀರೋ ಅಷ್ಟು ಸ್ಪೀಡು. ಜೀನ್ಸ್ ಪ್ಯಾಂಟಲ್ಲಿ ಎರಡು ಮಡಿಕೆ ಸೇರೋ ಜಾಗ ಇರುತ್ತದೆ, ಬಟ್ಟೆ ಅಲ್ಲಿ ಗುಡ್ಡೆ ಆಗಿರುತ್ತದೆ. ಅಲ್ಲಿ ಸೂಜಿ ಒಂದೊಂದೇ ಹೊಲಿಗೆ ಹೋಗಬೇಕು, ಇಲ್ಲಾಂದ್ರೆ ಟಕ್ ಅಂತ ಮುರಿಯುತ್ತದೆ. ಆ ಒಂದೊಂದೇ ಹೊಲಿಗೆ ಕೊಡುವುದು ಪೂರ್ತಿ ಆಂಕಲ್. ಕೃತಕ ಕಾಲು ಪೆಡಲ್ ಮೇಲೆ ಇಟ್ಟಾಗ ನನಗೆ ಆಂಕಲ್ ಇಲ್ಲ, ತೊಡೆಯಿಂದ ಒತ್ತಬೇಕು. ಮಷೀನ್ ಒಂದೋ ನಿಂತಿರುತ್ತಿತ್ತು, ಇಲ್ಲಾ ಫುಲ್ ಸ್ಪೀಡಲ್ಲಿ ಹೋಗುತ್ತಿತ್ತು. ಪೆಡಲ್ ಎಲ್ಲಿದೆ ಅಂತಲೂ ಕಾಲಿಗೆ ತಿಳಿಯಲ್ಲ, ಬಗ್ಗಿ ನೋಡಬೇಕು. ಕೊನೆಗೆ ಮೇಸ್ತ್ರಿ ಪೆಡಲನ್ನೇ ಬಲಗಡೆ ಸರಿಸಿ ಕೂರಿಸಿಕೊಟ್ಟರು. ಈಗ ಎಲ್ಲಾ ಬಲಗಾಲಲ್ಲೇ. ಆಂಕಲ್ ಅಂದರೆ ಏನು ಅಂತ ನನಗೆ ಆ ಪೆಡಲ್ ಮೇಲೆ ಗೊತ್ತಾಯಿತು.

ಸ್ಕೂಟರ್_ಸಂಗಮೇಶ
ಟೇಲರ್ ಅಣ್ಣ, ಗಾಡಿ ಓಡಿಸುತ್ತೀರಾ? ನಮ್ಮ ಅಳಿಯನಿಗೂ ಎಡಗಾಲು.

ಜೀನ್ಸ್_ಟೇಲರ್_ಬಳ್ಳಾರಿ
ಗೇರ್ ಗಾಡಿಯಲ್ಲಿ ಗೇರ್ ಮೇಲೆತ್ತೋಕೆ ಬೆರಳ ಕಡೆ ಎತ್ತಬೇಕಲ್ಲ, ಅದು ಆಗಲ್ಲ. ಹಿಂದೆ ಮುಂದೆ ಎರಡೂ ಕಡೆ ತುಳಿಯುವ ಲಿವರ್ ಇದ್ದರೆ ಹೇಗೋ ಆಗುತ್ತದೆ, ಹಿಮ್ಮಡಿಯಿಂದ ತುಳಿಯಬಹುದು. ನಾನು ಸ್ಕೂಟಿ ತಗೊಂಡೆ, ತಲೆನೋವಿಲ್ಲ. ಅಳಿಯಂದಿರು ಲೈಸೆನ್ಸ್ ವಿಷಯ ಆರ್‌ಟಿಒದಲ್ಲಿ ಮೊದಲೇ ವಿಚಾರಿಸಲಿ.

ಮೆಕ್ಯಾನಿಕಲ್_ಮಂಜ
ಬ್ಯಾಟರಿ ಇರುವ ಆಂಕಲ್‌ಗಳೂ ಇವೆ, ಯಾರೂ ಹೇಳಲಿಲ್ಲ ಅಂತ ಹೇಳುತ್ತಿದ್ದೇನೆ. ಐಸ್‌ಲ್ಯಾಂಡಿನ ಓಸುರ್ ಕಂಪನಿಯ ಪ್ರೊಪ್ರಿಯೋ ಫೂಟ್ 2006ರಲ್ಲಿ ಬಂತು. ಅದು ಕಾಲು ಗಾಳಿಯಲ್ಲಿದ್ದಾಗ ಬೆರಳ ಕಡೆ ಮೇಲೆತ್ತುತ್ತದೆ, ಇಳಿಜಾರು ಗೊತ್ತುಮಾಡಿಕೊಂಡು ಕೋನ ಬದಲಿಸುತ್ತದೆ. ಬೆರಳು ಎತ್ತುವುದು ಸಣ್ಣ ವಿಷಯ ಅಲ್ಲ. ನಾವು ನಡೆಯುವಾಗ ಹೆಬ್ಬೆರಳಿಗೂ ನೆಲಕ್ಕೂ ನಡುವೆ ಇರುವ ಜಾಗ ಒಂದೆರಡು ಸೆಂಟಿಮೀಟರ್ ಅಷ್ಟೇ. ಅಲ್ಲೇ ಎಲ್ಲರೂ ಎಡವುವುದು.

ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಹ್ಯೂ ಹರ್ ಇನ್ನೂ ಮುಂದೆ ಹೋದರು. 1982ರಲ್ಲಿ ಪರ್ವತ ಹತ್ತಲು ಹೋಗಿ ಹಿಮದಲ್ಲಿ ಸಿಕ್ಕಿಕೊಂಡು ಎರಡೂ ಕಾಲು ಕಳೆದುಕೊಂಡವರು. ಅವರ ತಂಡದ ಬಯೋಮ್ ಆಂಕಲ್ ಮೋಟಾರಿನಿಂದ ನಿಜವಾಗಿ ತಳ್ಳುತ್ತದೆ. ಮೀನಖಂಡದ ಕೆಲಸವನ್ನೇ ಮಾಡುತ್ತದೆ. ಇದಕ್ಕೆ ಕಾರಣ ಇದೆ. ಮೊಣಕಾಲ ಕೆಳಗೆ ಕಾಲು ಹೋದವರಿಗೆ ಅಷ್ಟೇ ದೂರ ನಡೆಯಲು ಸುಮಾರು ಕಾಲು ಪಾಲು ಜಾಸ್ತಿ ಶಕ್ತಿ ಬೇಕು. ಸಕ್ಕರೆ ಕಾಯಿಲೆ, ರಕ್ತ ಓಡಾಟದ ತೊಂದರೆಯಿಂದ ಕಾಲು ತೆಗೆದವರಿಗೆ 40 ಪರ್ಸೆಂಟ್ ವರೆಗೂ ಅಂತಾರೆ. ಆ ತಳ್ಳು ಇಲ್ಲದ್ದನ್ನು ಸೊಂಟ, ಇನ್ನೊಂದು ಕಾಲು ಸೇರಿ ತುಂಬಬೇಕು.

ರಾಯಚೂರು_ಬಿಸಿಲು
ಬ್ಯಾಟರಿ ಖಾಲಿ ಆದರೆ? ನಮ್ಮಲ್ಲಿ ಕರೆಂಟ್ ಯಾವಾಗ ಬರುತ್ತದೆ ಅಂತ ಕಾಕಾ ದಾರಿಯಲ್ಲೇ ಕಾಯಬೇಕಾ?

ಮೆಕ್ಯಾನಿಕಲ್_ಮಂಜ
ಮಾಮೂಲಿ ಪಾದದ ಹಾಗೆ ನಡೆಯಬಹುದು. ಆದರೆ ಎರಡು ಕೆಜಿ ಹತ್ತಿರದ ಮಾಮೂಲಿ ಪಾದ. ಬೆಲೆ ಬಿಡಿ, ಅದು ನಮ್ಮ ಮಾತಲ್ಲ. ಕೆಸರು ಗದ್ದೆಗೆ ಅಂತೂ ಅಲ್ಲವೇ ಅಲ್ಲ.

ಲಿಂಬ್_ಟೆಕ್_ಬಳ್ಳಾರಿ
ತೂಕದ ಮಾತು ಬಂತಲ್ಲ. ಜನ ಯಾವಾಗಲೂ ಕಾಲು ಭಾರ ಅನ್ನುತ್ತಾರೆ. ನಮ್ಮ ನಿಜವಾದ ಮೊಣಕಾಲ ಕೆಳಗಿನ ಭಾಗ ದೇಹದ ತೂಕದ ಸುಮಾರು 6 ಪರ್ಸೆಂಟ್. ಅರವತ್ತು ಕೆಜಿಯವರಿಗೆ ಮೂರೂವರೆ ಕೆಜಿ ಮೇಲೆ. ಕೃತಕ ಕಾಲು ಅದಕ್ಕಿಂತ ಹಗುರವೇ ಇರುತ್ತದೆ. ಆದರೂ ಭಾರ ಅನಿಸುತ್ತದೆ, ಯಾಕೆಂದರೆ ಅದು ಎಲುಬು, ಸ್ನಾಯುವಿಗೆ ಕೂಡಿಕೊಂಡಿಲ್ಲ, ಚರ್ಮದ ಮೇಲೆ ಜೋತಾಡುತ್ತದೆ. ಸಾಕೆಟ್ ಸಡಿಲ ಆದಷ್ಟೂ ಭಾರ ಜಾಸ್ತಿ. ಪಾದದ ತುದಿಯಲ್ಲಿ ಇರುವ ತೂಕ ಇನ್ನೂ ಜಾಸ್ತಿ ಎಳೆಯುತ್ತದೆ. ಜೈಪುರ ಪಾದದ ಬಗ್ಗೆ ಇರುವ ನಿಜವಾದ ದೂರು ಇದೇ, ಕುಷ್ಟಗಿಯವರು ಹೇಳಿದ್ದರಲ್ಲಿ ಅಷ್ಟು ಸತ್ಯ ಇದೆ.

ಅದಕ್ಕೇ ನಾನು ಹೇಳುವುದು, ಒಂದೂವರೆ ಲಕ್ಷ ಇದ್ದರೆ ಮೊದಲು ಸಾಕೆಟ್ ನೋಡಿ. ಕಾಲು ತೆಗೆದ ಮೇಲೆ ಮೊದಲ ವರ್ಷ ಉಳಿದ ಭಾಗ ಬಹಳ ಸಣ್ಣದಾಗುತ್ತದೆ. ಶಿಬಿರದಲ್ಲಿ ಅಳತೆ ತಗೊಂಡಾಗಿನ ಕಾಲು ಈಗ ಇರಲ್ಲ. ಕಾಕಾ ಸ್ಟಂಪಿಗೆ, ಅಂದರೆ ಆ ಉಳಿದ ಭಾಗಕ್ಕೆ, ಎಷ್ಟು ಸಾಕ್ಸ್ ಹಾಕುತ್ತಾರೆ ಕೇಳಿ. ಒಂದರ ಮೇಲೊಂದು ಹಾಕುತ್ತಾ ಹೋಗುತ್ತಿದ್ದರೆ ಸಾಕೆಟ್ ಬದಲಿಸುವ ಕಾಲ ಬಂದಿದೆ ಅಂತಲೇ ಅರ್ಥ. ಸಡಿಲ ಸಾಕೆಟ್ ಒಳಗೆ ಕಾಲು ಅಲ್ಲಾಡುತ್ತಿದ್ದರೆ, ಕೆಳಗೆ ಚಿನ್ನದ ಪಾದ ಹಾಕಿದರೂ ಅಷ್ಟೇ.

ಕುಷ್ಟಗಿ_ಕಲ್ಲು
ಹಾಗಾದರೆ ಕಾರ್ಬನ್ ವೇಸ್ಟ್ ಅಂತೀರಾ? ನಮ್ಮ ಸೂಪರ್‌ವೈಸರ್ ಸುಳ್ಳು ಹೇಳುತ್ತಾರಾ?

ಲಿಂಬ್_ಟೆಕ್_ಬಳ್ಳಾರಿ
ವೇಸ್ಟ್ ಅಂದವರು ಯಾರು? ದಿನಾ ಜಾಸ್ತಿ ನಡೆಯುವವರಿಗೆ, ಬೇಗ ನಡೆಯುವವರಿಗೆ ಅದು ಒಳ್ಳೆಯದೇ. ನಿಮ್ಮ ಸೂಪರ್‌ವೈಸರ್‌ಗೆ ಸರಿಯಾದ ಆಯ್ಕೆ. ಆದರೆ ಆ ಪಾದ ಒಂದು ರಬ್ಬರ್ ಕವಚದ ಒಳಗೆ ಇರುತ್ತದೆ. ಮರಳು, ಕೆಸರು ಒಳಗೆ ಸೇರಿದರೆ ಕಿರ್ ಕಿರ್ ಶುರು, ಬಿಚ್ಚಿ ತೊಳೆಯಬೇಕು. ಎರೆ ಹೊಲ, ಕೆಸರು ಗದ್ದೆಯವರಿಗೆ ದಿನಾ ಅದೇ ಕೆಲಸ. ಮತ್ತೆ ತೂಕಕ್ಕೆ, ಓಡಾಟಕ್ಕೆ ತಕ್ಕ ಹಾಗೆ ಅದರಲ್ಲಿ ನಂಬರ್ ಇರುತ್ತದೆ. ಗಟ್ಟಿ ನಂಬರ್ ಹಾಕಿಬಿಟ್ಟರೆ ಇಳಿಜಾರಿನಲ್ಲಿ ಮಂಡಿ ಇನ್ನೂ ಜೋರಾಗಿ ದಬ್ಬುತ್ತದೆ.

ಅಗ್ಗದ ಕಾರ್ಬನ್ ಬೇಕಿದ್ದವರು ಒಂದು ಗಮನಿಸಿ. 2025ರ ಜುಲೈನಲ್ಲಿ ಡಿಆರ್‌ಡಿಒ ಮತ್ತು ಹೈದರಾಬಾದ್ ಹತ್ತಿರದ ಬೀಬಿನಗರದ ಏಮ್ಸ್ ಸೇರಿ ಒಂದು ಕಾರ್ಬನ್ ಫೈಬರ್ ಪಾದ ತೋರಿಸಿದರು. 125 ಕೆಜಿ ತನಕ ಪರೀಕ್ಷೆ ಆಗಿದೆ, ತಯಾರಿಕೆ ಖರ್ಚು 20 ಸಾವಿರದೊಳಗೆ ಅಂದಿದ್ದಾರೆ. ರಾಯಚೂರಿನವರಿಗೆ ಬೆಂಗಳೂರಿಗಿಂತ ಆ ಕಡೆಯೇ ಹತ್ತಿರ. ವಿಚಾರಿಸಿಕೊಂಡು ಹೋಗಿ, ಸುಮ್ನೆ ಬಸ್ ಹತ್ತಬೇಡಿ.

ಮೆಕ್ಯಾನಿಕಲ್_ಮಂಜ
ಮಾವ ವೆಲ್ಡಿಂಗ್ ಮಾಡಲು ಇನ್ನೂ ಕಾಯುತ್ತಿದ್ದರೆ ಇದನ್ನು ಹೇಳಿ. ಕೃತಕ ಪಾದವನ್ನು ಐಎಸ್‌ಒ 10328 ಅನ್ನುವ ನಿಯಮದ ಪ್ರಕಾರ ಮಷೀನಿಗೆ ಹಾಕಿ 20 ಲಕ್ಷ ಸಲ ತೂಕ ಕೊಟ್ಟು ತೆಗೆದು ನೋಡುತ್ತಾರೆ. ದಿನಕ್ಕೆ 5,000 ಹೆಜ್ಜೆ ಅಂದರೆ ಒಂದು ಕಾಲಿಗೆ 2,500, ವರ್ಷಕ್ಕೆ 9 ಲಕ್ಷ. ಎರಡು ವರ್ಷದ ನಡಿಗೆ ಚಿಲ್ಲರೆ ಅಷ್ಟೇ ಅದು. ವೆಲ್ಡ್ ಮಾಡಿದ ಜಾಗ ಇಂಥ ಮತ್ತೆ ಮತ್ತೆ ಬೀಳುವ ತೂಕಕ್ಕೇ ಮೊದಲು ಬಿರುಕು ಬಿಡುವುದು. ಅವರಿಗೇ ಗೊತ್ತಿರುತ್ತದೆ, ಟ್ರೇಲರ್ ಚಾಸಿಸ್ ಎಷ್ಟು ನೋಡಿಲ್ಲ.

ಹುಲಿಗಿ_ಎಕ್ಸ್‌ಪ್ರೆಸ್
ಈ ಗಟ್ಟಿ ಪಾದ ಕಂಡುಹಿಡಿದವರು ಜರ್ಮನಿಯವರಲ್ವಾ? ಎರಡನೇ ಮಹಾಯುದ್ಧ?

ಲಿಂಬ್_ಟೆಕ್_ಬಳ್ಳಾರಿ
ಯುದ್ಧದ ಆಮೇಲಿನದು ಹೌದು, ಜರ್ಮನಿ ಅಲ್ಲ. ಸ್ಯಾಚ್ ಪಾದ ಅಂತ, 1950ರ ದಶಕದಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಮಾಡಿದ್ದು. ಕೀಲೇ ಇಲ್ಲ, ಹಿಮ್ಮಡಿಯಲ್ಲಿ ಮೆತ್ತನೆ ಫೋಮ್ ಇರುತ್ತದೆ, ಅದು ಒತ್ತಿಕೊಂಡಾಗ ಪಾದ ಇಳಿದ ಹಾಗಾಗುತ್ತದೆ. ಅಗ್ಗ, ಗಟ್ಟಿ. ಒಳಗೆ ಮರ ಇರುವುದಕ್ಕೆ ನೀರು ಕುಡಿದರೆ ಹಾಳು. ಭತ್ತದ ಸೀಮೆಗೆ ನಾನು ಕೊಡಲ್ಲ.

ಕಾರಟಗಿ_ಹುಡುಗ
ಎಲ್ಲರಿಗೂ ಧನ್ಯವಾದ. ಕಾಕಾನನ್ನು ಕೃತಕ ಕಾಲಿನ ಕೇಂದ್ರಕ್ಕೆ ಕರೆದುಕೊಂಡು ಹೋಗಿದ್ದೆ. ಶೂ ಅಳೆದರು, ಹಿಮ್ಮಡಿ ಕಡೆ ಎರಡು ಸೆಂಟಿಮೀಟರಿಗಿಂತ ಜಾಸ್ತಿಯೇ ಎತ್ತರ ಇತ್ತು. ಅದನ್ನು ಬಿಚ್ಚಿಸಿ ಸಪಾಟು ಸ್ಯಾಂಡಲ್ ಹಾಕಿ ನಡೆಸಿದರು, ಅಲ್ಲೇ ವ್ಯತ್ಯಾಸ ಕಾಣಿಸಿತು. ಸಾಕೆಟ್ ಒಳಗೆ ಸಾಕ್ಸ್ ಜೊತೆ ಹಳೇ ಬನಿಯನ್ ತುಂಡೂ ಸಿಕ್ಕಿತು! ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಹೊಸ ಸಾಕೆಟ್‌ಗೆ ಅಳತೆ ಕೊಟ್ಟು ಬಂದಿದ್ದೇವೆ. ಪಾದ ಜೈಪುರದ್ದೇ ಇರಲಿ ಅಂದರು, ಕಾಕಾನೂ ಅದನ್ನೇ ಅಂದರು. ಏರಿ ಇಳಿಯುವಾಗ ಈಗಲೂ ಸ್ವಲ್ಪ ದಬ್ಬುತ್ತದೆ, ಫಿಸಿಯೋ ಅಕ್ಕ ಹೇಳಿದ ಹಾಗೆ ಅಡ್ಡ ಹೆಜ್ಜೆ ಹಾಕುತ್ತಿದ್ದಾರೆ. ಶೂ ಮಾತ್ರ ಕೊಡಲ್ಲ ಅಂತ ಹಟ, ಜಾತ್ರೆಗೆ ಹಾಕಬೇಕಂತೆ.

ಇನ್ನೊಂದು ಕೇಳಬೇಕಿತ್ತು. ನಾಟಿ ಬರುತ್ತಿದೆ. ಕೆಸರಿಗೆ ಇಳಿಯಬೇಡ ಅಂದರೆ ಕೇಳುವವರಲ್ಲ. ಏನು ಮಾಡಬೇಕು?

ಕುಷ್ಟಗಿ_ಕಲ್ಲು
ಬನಿಯನ್ 😂 ಸರಿ, ಸಾಕೆಟ್ ಮೊದಲು ಅನ್ನೋದು ಒಪ್ಪಿದೆ. ಆದರೆ ಗದ್ದೆ ಬಿಟ್ಟ ಮೇಲೆ ಕಾರ್ಬನ್ ಹಾಕಿಸಿ, ಆಮೇಲೆ ನನಗೆ ಹೇಳಿ.

ಗಂಗಾವತಿ_ಭತ್ತ
ಇಷ್ಟು ದಿನ ಬರೀ ಓದುತ್ತಿದ್ದೆ, ಈ ಪ್ರಶ್ನೆಗೆ ನಾನೇ ಉತ್ತರ ಕೊಡಬೇಕು. ನಮ್ಮಪ್ಪ ಜೈಪುರ ಕಾಲಲ್ಲೇ ಗದ್ದೆ ಮಾಡುತ್ತಾರೆ. ಕೆಸರಲ್ಲಿ ಕಾಲನ್ನು ನೇರ ಮೇಲಕ್ಕೆ ಎಳೆದರೆ ಪಾದ ಅಲ್ಲೇ ಉಳಿದು ಸಾಕೆಟ್ ಕಳಚಿಕೊಂಡು ಬರುತ್ತದೆ. ಮೊದಲು ಹಿಮ್ಮಡಿ ಕಡೆ ಎತ್ತಬೇಕು, ಗಾಳಿ ಒಳಗೆ ಹೋಗಲಿ, ಆಮೇಲೆ ಉಳಿದದ್ದು ತಾನೇ ಬರುತ್ತದೆ. ಮಂಡಿ ಮೇಲಿನ ಪಟ್ಟಿಯಿಂದ ಸೊಂಟದ ಬೆಲ್ಟಿಗೆ ಇನ್ನೊಂದು ಪಟ್ಟಿ ಹಾಕಿಸಿಕೊಳ್ಳಿ, ಕೇಂದ್ರದಲ್ಲಿ ಕೇಳಿದರೆ ಹೊಲಿದು ಕೊಡುತ್ತಾರೆ. ಒಳಗಿನ ಸಾಕ್ಸ್ ಒದ್ದೆ ಆದ ಕೂಡಲೇ ಬದಲಿಸಬೇಕು, ಅದಕ್ಕೆ ಒಣಗಿದ ಜೋಡಿ ಬದುವಿನ ಮೇಲೆ ಇಟ್ಟಿರಬೇಕು. ಒದ್ದೆ ಸಾಕ್ಸಲ್ಲಿ ಮಧ್ಯಾಹ್ನದವರೆಗೆ ಕೆಲಸ ಮಾಡಿದರೆ ಚರ್ಮ ಕಿತ್ತು ಬರುತ್ತದೆ, ಆಮೇಲೆ ಹದಿನೈದು ದಿನ ಕಾಲೇ ಹಾಕುವಂತಿಲ್ಲ. ಸಂಜೆ ಸ್ಟಂಪನ್ನು ಕನ್ನಡಿ ಹಿಡಿದು ನೋಡಿಕೊಳ್ಳಲಿ, ಕೆಳಗಡೆ ಕೆಂಪಾಗಿದ್ದರೆ ಮಾರನೇ ದಿನ ಬದುವಿನ ಮೇಲೆ ಕೂತು ಸಸಿ ಕಟ್ಟು ಎಸೆಯುವ ಕೆಲಸ ಅಷ್ಟೇ.

ಕಾರಟಗಿ_ಹುಡುಗ
ಇದೇ ಬೇಕಿತ್ತು ಅಣ್ಣ. ಬೆಲ್ಟ್ ಇದೇ ವಾರ ಹೊಲಿಸುತ್ತೇನೆ. ಮಾವನಿಗೂ ಒಂದು ಕೆಲಸ ಸಿಕ್ಕಿತು, ಏರಿಗೆ ಪೈಪಿನ ಕೈಹಿಡಿ ವೆಲ್ಡ್ ಮಾಡಿಕೊಡ್ತಾರಂತೆ.